ಬೆಟ್ಟದ ಸಾಲು, ನೂಲಿನ ಸಾಲು

ಗೆಟ್ಟವಾಡಿ ತಾಳವಾಡಿ ಬೆಟ್ಟಸೀಮೆಯ ಊರು. ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ಮನೆಮಾತು ಕನ್ನಡ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯವನ್ನು ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ಆದುದರಿಂದ ಗೆಟ್ಟವಾಡಿಯವರ ಕಥೆ ನಮಗೆ ಹೊರಗಿನದಲ್ಲ.

ಚಳಿಮಳೆಗೆ ತಲೆ, ಕೊರಳು ಮುಚ್ಚುವ ಹೊದಿಕೆಗೆ ಕನ್ನಡದಲ್ಲಿ ಕೊಪ್ಪೆ ಎಂಬ ಹಳೆಯ ಹೆಸರಿದೆ. ಕಂಬಳಿಯನ್ನು ಮಡಚಿ ತಲೆಯಿಂದ ಇಳಿಬಿಟ್ಟರೆ ಅದು ಕಂಬಳಿಕೊಪ್ಪೆ. ನೆಲದಲ್ಲಿ ಗುಂಡಿ ತೆಗೆದು ಹೂಡಿದ ಮಗ್ಗದಲ್ಲಿ, ಹಾಸುನೂಲಿಗೆ ಹುಣಸೆಬೀಜದ ಸರಿ ಹಚ್ಚಿ, ಕುರುಬರು ನೇಯುವ ಕಂಬಳಿಯ ಗುಣವೇ ಅದರ ಒತ್ತು.

ಎರಡು ಕಡ್ಡಿಗಳ ಲೇಸ್ ಹೆಣಿಗೆಯಲ್ಲಿ ಇದು ತಿರುವುಮುರುವು. ಅಲ್ಲಿ ತೂತೇ ಚಿತ್ತಾರ. ಕಡ್ಡಿಗೆ ನೂಲನ್ನು ಒಮ್ಮೆ ಬಳಸಿದರೆ ಒಂದು ತೂತು, ಒಂದು ಹೆಚ್ಚಿನ ಕುಣಿಕೆ. ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆದರೆ ಒಂದು ಕಡಿಮೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ 'ಓಲ್ಡ್ ಶೇಲ್' ಮಾದರಿಯಲ್ಲಿ 18 ಕುಣಿಕೆಗಳಿಗೆ 6 ಕೂಡುವಿಕೆ, 6 ತೂತು. ಕೂಡುವಿಕೆ ಒಂದೆಡೆ, ತೂತುಗಳು ಇನ್ನೊಂದೆಡೆ ಗುಂಪಾದಾಗ ನೇರ ಸಾಲು ತಾನಾಗಿ ಬಾಗಿ, ಅಲೆ ಹಿಂದೆ ಸರಿದ ಕಡಲದಂಡೆಯ ಏರಿಳಿತ ಮೂಡುತ್ತದೆ. ಹೆಸರೂ ದಂಡೆಯಿಂದಲೇ ಬಂದುದೆನ್ನುತ್ತಾರೆ.

ಆ ದ್ವೀಪಗಳ ಇತಿಹಾಸ ನಮ್ಮಂಥವರು ಓದತಕ್ಕದ್ದು. 1469ರಲ್ಲಿ ಡೆನ್ಮಾರ್ಕ್-ನಾರ್ವೆಯ ದೊರೆ ಮಗಳ ವರದಕ್ಷಿಣೆಗಾಗಿ ಅವನ್ನು ಸ್ಕಾಟ್ಲೆಂಡಿಗೆ ಒತ್ತೆಯಿಟ್ಟನು, ಬಿಡಿಸಿಕೊಳ್ಳಲಿಲ್ಲ. ಅಲ್ಲಿನವರ ನಾರ್ನ್ ಭಾಷೆ ಮೊದಲು ಕಚೇರಿಯಿಂದ, ಬಳಿಕ ಮನೆಯಿಂದ ಮರೆಯಾಯಿತು. ಅದನ್ನಾಡಿದ ಕೊನೆಯವನೆನ್ನಲಾಗುವ ವಾಲ್ಟರ್ ಸದರ್ಲ್ಯಾಂಡ್ ಸುಮಾರು 1850ರಲ್ಲಿ ತೀರಿಕೊಂಡನು. ಆತನ ಊರಿದ್ದದ್ದು ಅನ್ಸ್ಟ್ ದ್ವೀಪದಲ್ಲಿ. ಉಂಗುರದೊಳಗೆ ತೂರುವಷ್ಟು ನವಿರಾದ ಲೇಸ್ ಶಾಲಿಗೆ ಹೆಸರಾದದ್ದೂ ಅದೇ ದ್ವೀಪ. ತಾಯಿ ಮಗಳಿಗೆ ಕಲಿಸಿದ ಹೆಣಿಗೆ ಉಳಿಯಿತು, ತಾಯಿನುಡಿ ಉಳಿಯಲಿಲ್ಲ.

ಗೆಟ್ಟವಾಡಿಯ ಸುತ್ತಲಿನ ಬೆಟ್ಟಸಾಲನ್ನೂ ಇದೇ ಲೆಕ್ಕದಲ್ಲಿ ಕೊರಳ ಕೊಪ್ಪೆಯೊಂದರಲ್ಲಿ ಹೆಣೆಯಬಹುದು. ಕೂಡುವಿಕೆ ಕಣಿವೆಯಾದೀತು, ತೂತುಗಳ ಕಮಾನು ದಿಣ್ಣೆಯಾದೀತು. ಆದರೆ ಅನ್ಸ್ಟ್ ಕಲಿಸುವ ಪಾಠ ಬೇರೆ: ಕೈಕಸುಬು ತನ್ನಷ್ಟಕ್ಕೆ ಭಾಷೆಯನ್ನು ಕಾಯದು. ಕುಣಿಕೆ ಎಣಿಸುವಾಗ ಒಂದು, ಎರಡು ಎಂದೇ ಎಣಿಸಬೇಕು. ಮಾದರಿಗೆ ದಿಣ್ಣೆ, ಕಣಿವೆ, ಏರಿ ಎಂದೇ ಹೆಸರಿಡಬೇಕು. ಆ ಹೆಸರನ್ನು ಬರೆಯಲು ಮಗುವಿಗೆ ಕನ್ನಡದ ಅಕ್ಷರ ಬರಬೇಕು. ತಾಳವಾಡಿಯಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಈ ಕೆಲಸ ಮನೆಯ ಜಗಲಿಯಲ್ಲೇ ಶುರುವಾಗತಕ್ಕದ್ದು.