ಫ್ಯಾಂಟಮ್‌ನ ಬಣ್ಣಗಳು: ಮುಖಪುಟ ಮತ್ತು ಒಳಪುಟ

ಲೀ ಫಾಕ್ ಸೃಷ್ಟಿಸಿದ ಚಿತ್ರಕಥೆಯ ನಾಯಕ ಫ್ಯಾಂಟಮ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಕಪ್ಪು-ಬಿಳುಪಿನಲ್ಲಿ ಕಾಣಿಸಿಕೊಂಡ. ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ವರ್ಣ ಪುರವಣಿಗೆ ಬಂದಾಗ ಅದು ನೇರಳೆಯಾಯಿತು. ಸ್ವೀಡನ್ನಿನಲ್ಲಿ ಅವನ ಉಡುಪು ನೀಲಿ, ಇಟಲಿಯಲ್ಲಿ ಕೆಂಪು.

ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ್ ಕಾಮಿಕ್ಸ್ ಫ್ಯಾಂಟಮ್‌ನನ್ನು ಭಾರತದಲ್ಲಿ ಮನೆಮಾತಾಗಿಸಿತು. ಕನ್ನಡದಲ್ಲೂ ಹೊರಬಂದ ಈ ಮಾಲಿಕೆ 1990ರಲ್ಲಿ ನಿಂತಿತು.

ಇಂದ್ರಜಾಲ್‌ನ ಮುಖಪುಟ, ಒಳಪುಟಗಳನ್ನು ಹೋಲಿಸಿ ನೋಡಿ

ಮುಖಪುಟ: ಅನೇಕ ಸಂಚಿಕೆಗಳಿಗೆ ಕಲಾವಿದ ಬಿ. ಗೋವಿಂದ್ ಕುಂಚದಿಂದ ಬರೆದ ವರ್ಣಚಿತ್ರಗಳಿವೆ. ತೋಳು, ಎದೆಯ ಮೇಲೆ ನೆರಳು-ಬೆಳಕು ಹಂತಹಂತವಾಗಿ ಬೆರೆಯುತ್ತದೆ. ಅಂಗಡಿಯಲ್ಲಿ ತೂಗುಹಾಕಿದ ಪುಸ್ತಕ ದೂರದಿಂದಲೇ ಕಣ್ಣು ಸೆಳೆಯಬೇಕಿತ್ತು.

ಒಳಪುಟ: ಪತ್ರಿಕೆಗೆಂದು ಬರೆದ ಕಪ್ಪು ರೇಖೆ, ಅದರೊಳಗೆ ನೆರಳಿಲ್ಲದ ಸಪಾಟು ಬಣ್ಣ. ಭೂತಗನ್ನಡಿ ಹಿಡಿದರೆ ನೇರಳೆಯೊಳಗೆ ಗುಲಾಬಿ ಮತ್ತು ನೀಲಿ ಚುಕ್ಕೆಗಳು ಬೇರೆಬೇರೆಯಾಗಿ ಕಾಣುತ್ತವೆ. ಅಚ್ಚು ಕೂದಲೆಳೆಯಷ್ಟು ಜರುಗಿದರೂ ಬಣ್ಣ ರೇಖೆಯನ್ನು ದಾಟುತ್ತದೆ.

ಮುಖಪುಟ ಪುಸ್ತಕವನ್ನು ಕೊಳ್ಳಿಸಿತು, ಒಳಪುಟ ಓದಿಸಿತು. ಎರಡೂ ನಮ್ಮ ಮುದ್ರಣ ಚರಿತ್ರೆಯ ದಾಖಲೆಗಳೇ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಪ್ರತಿ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬಿಸಿಲು, ತೇವ ತಾಗದಂತೆ ಕಾಪಾಡಿ, ಮಕ್ಕಳಿಗೆ ತೋರಿಸಿ.