ಸಹಾಯಧನವೂ ಪಾಲುಗೇಣಿದಾರರೂ: ಪಾಯಿನ್ಸೆಟ್ ಕೌಂಟಿಯ ನಿದರ್ಶನ

ಅಮೆರಿಕದ ಕೃಷಿ ಸಹಾಯಧನದ ಇತಿಹಾಸದಲ್ಲಿ ಅರ್ಕಾನ್ಸಾಸ್ ರಾಜ್ಯದ ಪಾಯಿನ್ಸೆಟ್ ಕೌಂಟಿಯ ಹತ್ತಿ ಸೀಮೆಗೆ ವಿಶಿಷ್ಟ ಸ್ಥಾನವಿದೆ. 1933ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೃಷಿ ಹೊಂದಾಣಿಕೆ ಕಾಯ್ದೆಯು, ಬೆಲೆ ಕುಸಿತವನ್ನು ತಡೆಯಲೆಂದು, ಬಿತ್ತನೆಯ ವಿಸ್ತೀರ್ಣವನ್ನು ತಗ್ಗಿಸಿದವರಿಗೆ ಹಣ ನೀಡಿತು. ಒಪ್ಪಂದವಾದುದು ಭೂಮಾಲೀಕರೊಡನೆ, ಪಾಲುಗೇಣಿದಾರರ ಅಂಶವೂ ಅವರ ಮೂಲಕವೇ ಸಲ್ಲಬೇಕಿತ್ತು. ಗೇಣಿದಾರರನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕೆಂಬ ಷರತ್ತು ಸಡಿಲವಾಗಿದ್ದುದರಿಂದ, ಹೊಲಗಳು ಬೀಳುಬಿದ್ದಂತೆ ಅನೇಕ ಕುಟುಂಬಗಳು ಒಕ್ಕಲೆಬ್ಬಿಸಲ್ಪಟ್ಟವು. ಇದನ್ನು ಪ್ರತಿಭಟಿಸಿ 1934ರ ಜುಲೈನಲ್ಲಿ ಟೈರೋಂಜಾ ಬಳಿ 11 ಮಂದಿ ಬಿಳಿಯರೂ 7 ಮಂದಿ ಕಪ್ಪು ಜನಾಂಗದವರೂ ಕೂಡಿ ದಕ್ಷಿಣದ ಗೇಣಿದಾರ ರೈತರ ಸಂಘವನ್ನು ಸ್ಥಾಪಿಸಿದರು. 1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯ್ದೆಯನ್ನು ಅಸಾಂವಿಧಾನಿಕವೆಂದು ಸಾರಿತಾದರೂ, ಅದಕ್ಕೆ ಆಧಾರವಾದುದು ಒಕ್ಕೂಟ ಸರ್ಕಾರದ ಅಧಿಕಾರದ ಮಿತಿಯೇ ಹೊರತು ಗೇಣಿದಾರರ ಹಕ್ಕಲ್ಲ. ಸಹಾಯಧನವು ಯಾರ ಕೈಯಿಂದ ವಿತರಣೆಯಾಗುತ್ತದೆ ಎಂಬುದೇ ಅದರ ಫಲವನ್ನು ನಿರ್ಧರಿಸುತ್ತದೆ ಎಂಬುದನ್ನು ಈ ಕೌಂಟಿಯ ಅನುಭವವು ಸ್ಪಷ್ಟಪಡಿಸುತ್ತದೆ.