ವೆನಿಸ್ ಪಟ್ಟಣವೂ ವಿಜಯನಗರವೂ

ಪಶ್ಚಿಮಖಂಡದ ಪ್ರಸಿದ್ಧ ನಗರಗಳನ್ನು ನೋಡಿಬಂದವರು ತಾವು ಕಂಡ ಸೌಧಗಳ ಎತ್ತರವನ್ನೂ ಉಂಡ ಭಕ್ಷ್ಯಗಳ ರುಚಿಯನ್ನೂ ವರ್ಣಿಸಿ ಬರೆಯುವ ವಾಡಿಕೆಯುಂಟು. ಅಂತಹ ಬರಹಗಳಿಗೆ ಈಗ ಕೊರತೆಯಿಲ್ಲ. 2023ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು, ಮಕ್ಕಳ ಪಾಠಶಾಲೆಗೆ ಬೇಸಗೆಯ ರಜೆ ಬಂದುದರಿಂದ, ನಮ್ಮಿಬ್ಬರು ವೃದ್ಧರನ್ನೂ ಸೇರಿಸಿಕೊಂಡು ಸಕುಟುಂಬನಾಗಿ ಇಟಲಿಯ ವೆನಿಸ್ ಪಟ್ಟಣಕ್ಕೆ ಪ್ರಯಾಣ ಮಾಡಿದನು. ಅಲ್ಲಿ ಎಂಟು ದಿವಸ ಇದ್ದೆವು. ಆ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಘದ ಮಿತ್ರರು ಪದೇ ಪದೇ ಕೇಳಿದ್ದಾರೆ. ಯಾತ್ರಾವರ್ಣನೆಯು ನನ್ನ ಶಕ್ತಿಗೆ ಮೀರಿದುದು. ಆದರೆ ಆ ಪಟ್ಟಣದ ಚರಿತ್ರೆಗೂ ನಮ್ಮ ನಾಡಿನ ಚರಿತ್ರೆಗೂ ಒಂದು ಸಂಬಂಧವಿರುವುದರಿಂದ, ಅಷ್ಟನ್ನು ಮಾತ್ರ ವಾಚಕರ ಮುಂದೆ ಇಡಲು ಸಾಹಸಪಡುತ್ತೇನೆ.

ಕೌಟಿಲ್ಯನು ದುರ್ಗಗಳನ್ನು ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ವಿಂಗಡಿಸಿರುವನಷ್ಟೆ. ಹಂಪೆಯು ಬೆಟ್ಟಬಂಡೆಗಳಿಂದ ಪಾರ್ವತದುರ್ಗದ ಲಕ್ಷಣವುಳ್ಳದ್ದಾದರೆ, ವೆನಿಸ್ ಪಟ್ಟಣವು ಔದಕದುರ್ಗಕ್ಕೆ ಉತ್ತಮವಾದ ನಿದರ್ಶನ. ಅದಕ್ಕೆ ಕೋಟೆಯ ಗೋಡೆಯಿಲ್ಲ; ಹಿನ್ನೀರೇ ಕೋಟೆ. ಐದನೆಯ ಶತಮಾನದಲ್ಲಿ ಹೂಣರೂ, ಆರನೆಯ ಶತಮಾನದಲ್ಲಿ ಲೊಂಬಾರ್ಡರೂ ಇಟಲಿಯ ಮೇಲೆ ನುಗ್ಗಿದಾಗ, ಪ್ರಾಣಭಯದಿಂದ ಓಡಿದ ಜನರು ಈ ಜೌಗಿನ ದಿಣ್ಣೆಗಳನ್ನು ಸೇರಿದರು. ನೂರಕ್ಕೂ ಹೆಚ್ಚಿನ ಸಣ್ಣ ದ್ವೀಪಗಳು, ಅವುಗಳ ನಡುವೆ ಕಾಲುವೆಗಳು, ಕಾಲುವೆಗಳ ಮೇಲೆ ನಾನೂರಕ್ಕೂ ಮಿಕ್ಕ ಸೇತುವೆಗಳು. ಇದೇ ಆ ಪಟ್ಟಣ. ಮರದ ಕಂಬಗಳನ್ನು ಕೆಸರಿನಲ್ಲಿ ಒತ್ತೊತ್ತಾಗಿ ಹೂಳಿ, ಅವುಗಳ ಮೇಲೆ ಇಸ್ತ್ರಿಯ ದೇಶದ ಬಿಳಿಯ ಕಲ್ಲನ್ನು ಹಾಸಿ, ಆಮೇಲೆ ಇಟ್ಟಿಗೆಯ ಗೋಡೆಯನ್ನು ಎಬ್ಬಿಸಿರುವರು. ಗಾಳಿ ಸೋಕದ ಕೆಸರಿನಲ್ಲಿ ಮರವು ಬೇಗನೆ ಕೊಳೆಯದು. ಆದುದರಿಂದಲೇ ಶತಮಾನಗಳು ಕಳೆದರೂ ಅರಮನೆಗಳು ನಿಂತಿವೆ.

ಸುತ್ತಲೂ ನೀರು, ಕುಡಿಯಲು ಮಾತ್ರ ಹನಿಯಿಲ್ಲ. ಇದು ಆ ಜನರ ಕಷ್ಟವಾಗಿತ್ತು. ಅವರು ಪ್ರತಿಯೊಂದು ಅಂಗಳವನ್ನೂ ಅಗೆದು, ಒಳಗೆ ಜೇಡಿಮಣ್ಣನ್ನು ಬಳಿದು, ಮರಳನ್ನು ತುಂಬಿ, ನಡುವೆ ಇಟ್ಟಿಗೆಯ ಕೊಳವೆಯನ್ನು ಕಟ್ಟಿ, ಬಿದ್ದ ಮಳೆಯ ನೀರು ಮರಳಿನಲ್ಲಿ ಸೋಸಿ ಬಾವಿಯನ್ನು ಸೇರುವಂತೆ ಮಾಡಿದರು. 1884ರಲ್ಲಿ ಕೊಳಾಯಿಯ ನೀರು ಬರುವ ತನಕ ಪಟ್ಟಣಕ್ಕೆ ಇದೇ ಮುಖ್ಯವಾದ ಆಧಾರ. ಬಾವಿಗಳ ಕಲ್ಲುಕಟ್ಟೆಗಳು ಈಗಲೂ ಇವೆ. ಬಾಯಿಗೆ ಮುಚ್ಚಳ ಹಾಕಿರುವರು. ಅಂತಹ ಒಂದು ಕಟ್ಟೆಯ ಬಳಿಯಲ್ಲಿ ನನ್ನ ಹೆಂಡತಿಯು ಬಹಳ ಹೊತ್ತು ಕುಳಿತಿದ್ದು, “ನೀರು ಸೇದುವವರೇ ಇಲ್ಲದ ಬಾವಿಯನ್ನು ನೋಡಿದರೆ ಮನಸ್ಸಿಗೆ ಏನೋ ಆಗುತ್ತದೆ” ಎಂದಳು. ಆಗ ನಾನು ಆ ಮಾತಿಗೆ ಅಷ್ಟಾಗಿ ಬೆಲೆ ಕೊಡಲಿಲ್ಲ.

ಈ ಪಟ್ಟಣದ ಐಶ್ವರ್ಯಕ್ಕೆ ಮೂಲವು ವಾಣಿಜ್ಯ. ನಮ್ಮ ಪಡುವಣ ಕರಾವಳಿಯ ಮೆಣಸು ಅರಬ್ಬೀ ವರ್ತಕರ ಹಡಗುಗಳಲ್ಲಿ ಈಜಿಪ್ಟನ್ನು ಸೇರುತ್ತಿತ್ತು. ವೆನಿಸಿನ ವರ್ತಕರು ಅದನ್ನು ಅಲೆಗ್ಸಾಂಡ್ರಿಯದಲ್ಲಿ ಕೊಂಡು ಯೂರೋಪಿಗೆಲ್ಲ ಮಾರುತ್ತಿದ್ದರು. ಆ ಮೆಣಸು ಬೆಳೆಯುವ ನಾಡನ್ನು ಕಣ್ಣಾರೆ ಕಂಡವರಲ್ಲಿ ಒಬ್ಬನು ವೆನಿಸಿನ ಸಮೀಪದ ಕ್ಯೋಜ್ಜ ಎಂಬ ಊರಿನ ನಿಕೊಲೊ ಕೊಂಟಿ. ಈತನು ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದನೆಂದು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಪಟ್ಟಣದ ಸುತ್ತಳತೆ ಅರುವತ್ತು ಮೈಲಿಯೆಂದೂ, ಆಯುಧ ಹಿಡಿಯಬಲ್ಲವರು 90,000 ಮಂದಿಯೆಂದೂ ಅವನು ಹೇಳಿರುವನು. ಜನರು ಮಿಂದು ಹೊಸಬಟ್ಟೆ ಉಟ್ಟು ಮೂರು ದಿವಸ ಹಾಡಿ ಕುಣಿಯುವ ಹಬ್ಬವನ್ನೂ, ಮಾಳಿಗೆಗಳ ಮೇಲೆ ಎಣ್ಣೆಯ ದೀಪಗಳನ್ನು ಹಚ್ಚುವ ಹಬ್ಬವನ್ನೂ, ರಾಜರಾಣಿಯರೆಂದೂ ನೋಡದೆ ದಾರಿಯಲ್ಲಿ ಕೇಸರಿಯ ನೀರನ್ನು ಎರಚುವ ಓಕುಳಿಯನ್ನೂ ವರ್ಣಿಸಿರುವನು.

ನಾನು ಮೂವತ್ತು ವರ್ಷಗಳ ಕಾಲ ಪಾಠ ಹೇಳುವಾಗ ಕೊಂಟಿಯ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆನು. ಉಳಿದ ಅರ್ಧವು ವೆನಿಸಿನಲ್ಲಿ ನೆನಪಿಗೆ ಬಂದಿತು. ಆ ಮನುಷ್ಯನು ಒಂಟಿಯಾಗಿ ತಿರುಗಿದವನಲ್ಲ. ಹೆಂಡತಿ ಮಕ್ಕಳೊಡನೆ ಪ್ರಯಾಣ ಮಾಡಿದವನು. ಊರಿಗೆ ಹಿಂದಿರುಗುವಾಗ, ತನ್ನ ಮತ್ತು ಹೆಂಡತಿಮಕ್ಕಳ ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಸ್ವಧರ್ಮವನ್ನು ತೊರೆಯಬೇಕಾಯಿತು. ಪ್ರಾಣವೇನೋ ಉಳಿಯಿತು, ಆದರೆ ಈಜಿಪ್ಟಿನಲ್ಲಿ ಮಹಾಮಾರಿಗೆ ಸಿಕ್ಕಿ ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. ಉಳಿದ ಇಬ್ಬರು ಮಕ್ಕಳನ್ನು ಕರೆದುಕೊಂಡು, ಸುಮಾರು 25 ವರ್ಷಗಳ ತರುವಾಯ ಅವನು ಊರನ್ನು ಸೇರಿದನು. ಧರ್ಮತ್ಯಾಗದ ದೋಷಕ್ಕೆ ಕ್ಷಮೆ ಬೇಡಿದಾಗ ನಾಲ್ಕನೆಯ ಯೂಜೀನಿಯಸ್ ಎಂಬ ಪೋಪನು ವಿಧಿಸಿದ ಪ್ರಾಯಶ್ಚಿತ್ತವೇನೆಂದರೆ, ಕಂಡುದೆಲ್ಲವನ್ನೂ ಯಥಾರ್ಥವಾಗಿ ತನ್ನ ಲೇಖಕನಾದ ಪೊಜ್ಜೊ ಬ್ರಾಚ್ಚೊಲಿನಿಗೆ ಹೇಳಬೇಕೆಂಬುದು. ಪೊಜ್ಜೊ ಅದನ್ನು ಲ್ಯಾಟಿನಿನಲ್ಲಿ ಬರೆದಿಟ್ಟನು. ವಿಜಯನಗರದ ವೈಭವಕ್ಕೆ ನಾವು ಕೊಡುವ ಸಾಕ್ಷ್ಯಗಳಲ್ಲೊಂದು, ಮನೆಯವರನ್ನು ಕಳೆದುಕೊಂಡ ಒಬ್ಬ ಗೃಹಸ್ಥನ ಪ್ರಾಯಶ್ಚಿತ್ತವಾಗಿರುವುದು.

ಅವನು ತಂದ ವರ್ತಮಾನಗಳು ಹದಿನೈದನೆಯ ಶತಮಾನದ ನಡುವೆ ಫ್ರಾ ಮೌರೊ ಎಂಬ ಸಂನ್ಯಾಸಿಯು ರಚಿಸಿದ ಭೂಪಟದಲ್ಲಿಯೂ ಸೇರಿವೆಯೆಂದು ವಿದ್ವಾಂಸರ ಅಭಿಪ್ರಾಯ. ಸುಮಾರು ಎರಡು ಮೀಟರು ಅಗಲದ ಆ ಪಟವು ವೆನಿಸಿನ ಮಾರ್ಚಿಯಾನ ಪುಸ್ತಕಭಂಡಾರದ ಸ್ವತ್ತು. ಅದರಲ್ಲಿ ದಕ್ಷಿಣದಿಕ್ಕು ಮೇಲಿದೆ. “ತಾತ, ಇಂಡಿಯಾ ತಲೆಕೆಳಗಾಗಿದೆಯಲ್ಲ!” ಎಂದು ಮೊಮ್ಮಗನು ಕೂಗಿದನು. ತಲೆಕೆಳಗಾಗಿರುವುದು ದೇಶವಲ್ಲ, ನಮ್ಮ ಅಭ್ಯಾಸವೆಂದು ಹೇಳಿ ಸಮಾಧಾನಪಡಿಸಿದೆನು.

ಚರಕಸಂಹಿತೆಯಲ್ಲಿ ಜನಪದೋಧ್ವಂಸವೆಂದು ಹೇಳಿರುವ ವಿಪತ್ತು ವೆನಿಸಿಗೂ ತಪ್ಪಲಿಲ್ಲ. ಹಡಗಿನಲ್ಲಿ ಮೆಣಸು ಬಂದ ದಾರಿಯಲ್ಲಿಯೇ ಮಹಾಮಾರಿಯೂ ಬಂದಿತು. 1423ರಲ್ಲಿ ಆ ಸರಕಾರವು ಒಂದು ದ್ವೀಪವನ್ನು ರೋಗಿಗಳಿಗಾಗಿಯೇ ಮೀಸಲಾಗಿಟ್ಟಿತು. ಶಂಕಿತವಾದ ಹಡಗುಗಳನ್ನು ನಾಲ್ವತ್ತು ದಿವಸ ದೂರದಲ್ಲಿ ನಿಲ್ಲಿಸುವ ಪದ್ಧತಿಗೆ ಬಂದ ಕ್ವಾರಂಟೈನ್ ಎಂಬ ಹೆಸರು, ನಾಲ್ವತ್ತು ಎಂಬ ಅರ್ಥವುಳ್ಳ ಅವರ ಮಾತಿನಿಂದಲೇ ಹುಟ್ಟಿದುದು. ಇಷ್ಟಾದರೂ 1575ರಿಂದ 1577ರ ವರೆಗಿನ ಮಾರಿಗೆ ಸುಮಾರು 50,000 ಜನರು ಬಲಿಯಾದರು. ವ್ಯಾಧಿಯು ತೊಲಗಿದರೆ ದೇವಾಲಯ ಕಟ್ಟಿಸುವೆವೆಂದು 1576ರಲ್ಲಿ ಹರಕೆ ಹೊತ್ತು, ಪಲ್ಲಾಡಿಯೊ ಎಂಬ ಶಿಲ್ಪಿಯಿಂದ ರೆದೆಂತೋರೆ ದೇವಾಲಯವನ್ನು ಕಟ್ಟಿಸಿದರು. ಇಂದಿಗೂ ಜುಲೈ ತಿಂಗಳ ಮೂರನೆಯ ಭಾನುವಾರ ಅದರ ಉತ್ಸವ. ಕಾಲುವೆಯ ಮೇಲೆ ತೇಲುವ ಸೇತುವೆಯನ್ನು ಹಾಸುವರು; ಹಿಂದಿನ ರಾತ್ರಿ ಬಾಣಬಿರುಸು. ನಮ್ಮ ಪುಣ್ಯದಿಂದ ನಾವು ಆಗ ಅಲ್ಲಿದ್ದೆವು. ಆ ಸೇತುವೆಯ ಮೇಲೆ ಜನರೊಡನೆ ನಡೆಯುವಾಗ 2020, 2021ನೆಯ ಇಸವಿಗಳನ್ನು ನೆನೆಯದಿರಲು ನನ್ನಿಂದಾಗಲಿಲ್ಲ. ಆ ಎರಡು ವರ್ಷ ನಾನು ಮೊಮ್ಮಕ್ಕಳ ಮುಖವನ್ನು ದೂರವಾಣಿಯ ಗಾಜಿನಲ್ಲಿ ಮಾತ್ರ ಕಂಡಿದ್ದೆನು. ಮಗನ ಕೈಯನ್ನು ಹಿಡಿದುಕೊಂಡು ದಾಟಿದೆನು. ಜನಸಂದಣಿಯ ಭಯವೆಂದು ಅವನು ತಿಳಿದಿರಬೇಕು.

1565ರಲ್ಲಿ ತಾಳಿಕೋಟೆಯ ಯುದ್ಧವಾದ ಎರಡು ವರ್ಷಗಳ ಮೇಲೆ ಚೇಸರೆ ಫೆಡೆರಿಚಿ ಎಂಬ ಮತ್ತೊಬ್ಬ ವೆನಿಸಿನ ವರ್ತಕನು ವಿಜಯನಗರಕ್ಕೆ ಬಂದು ಏಳು ತಿಂಗಳಿದ್ದನು. ಮನೆಗಳು ಪೂರ್ತಿಯಾಗಿ ಬಿದ್ದಿಲ್ಲ, ಆದರೆ ಬರಿದಾಗಿವೆ, ಹುಲಿ ಮುಂತಾದ ಮೃಗಗಳು ಅವುಗಳಲ್ಲಿ ವಾಸಿಸುವುವಂತೆ, ಎಂಬುದು ಅವನ ಬರಹದ ಸಾರ. ಅವನ ಸ್ವಂತ ಪಟ್ಟಣದ ಗಣರಾಜ್ಯವು 1797ನೆಯ ಮೇ 12ರಂದು ನೆಪೋಲಿಯನ್ನನ ಭಯಕ್ಕೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಯುದ್ಧದಿಂದ ವೆನಿಸಿನ ಮನೆಗಳು ಬರಿದಾಗಲಿಲ್ಲ. ಬರಿದಾದುದು ನಮ್ಮ ಕಾಲದಲ್ಲಿ. 1951ರಲ್ಲಿ ಆ ಹಳೆಯ ಪಟ್ಟಣದಲ್ಲಿ ಸುಮಾರು 1,75,000 ಜನರಿದ್ದರು; 2022ರಲ್ಲಿ ಆ ಸಂಖ್ಯೆಯು 50,000ಕ್ಕಿಂತ ಕೆಳಗಿಳಿಯಿತು. ಸಮುದ್ರದ ಉಬ್ಬರಕ್ಕೆ ಉಪಾಯವನ್ನು ಕಂಡಿರುವರು. 1966ರ ಮಹಾಪೂರದ ಅನುಭವದಿಂದ ಎಚ್ಚೆತ್ತು ಕಟ್ಟಿದ 78 ಕದಗಳು 2020ರಿಂದ ನೀರನ್ನು ತಡೆಯುತ್ತಿವೆ. ನೋಡಬಂದವರ ಉಬ್ಬರಕ್ಕೆ ಕದವಿಲ್ಲ. ನಾವು ಹೋಗಿಬಂದ ಮರುವರ್ಷ, 2024ರಲ್ಲಿ, ಕೆಲವು ದಿವಸಗಳಲ್ಲಿ ಹಗಲಿಗೆ ಮಾತ್ರ ಬಂದುಹೋಗುವವರಿಂದ ಐದು ಯೂರೋ ಸುಂಕವನ್ನು ತೆಗೆದುಕೊಳ್ಳಲಾರಂಭಿಸಿದರು.

ನಾವು ಇಳಿದುಕೊಂಡಿದ್ದ ಬಿಡಾರವೂ ಹಿಂದೆ ಒಂದು ಸಂಸಾರವಿದ್ದ ಮನೆ. ಅಡಿಗೆಮನೆಯ ಬಾಗಿಲಿನ ಚೌಕಟ್ಟಿನ ಮೇಲೆ, ಬೆಳೆಯುವ ಮಕ್ಕಳ ಎತ್ತರವನ್ನು ಅಳೆದು ಗೀಚಿದ ಗೆರೆಗಳಿದ್ದವು. ಸೊಸೆಯು ಅವನ್ನು ತೋರಿಸಿ, “ಮಾವ, ಈ ಮಕ್ಕಳು ಈಗ ಎಲ್ಲಿರಬಹುದು?” ಎಂದಳು. ನಮ್ಮಂತಹ ಪ್ರವಾಸಿಗಳ ಬಾಡಿಗೆಯ ಆಸೆಗೆ ಮನೆಯು ಬಿಡಾರವಾಯಿತು. ಮಕ್ಕಳು ಮತ್ತೆಲ್ಲಿಯೋ ಬೆಳೆದರು. ಬಾವಿಯ ಕಟ್ಟೆಯ ಬಳಿ ನನ್ನ ಹೆಂಡತಿಯು ಆಡಿದ ಮಾತಿನ ಅರ್ಥವು ಆಗ ನನಗೆ ಆಯಿತು. ಮಲೆನಾಡಿನಲ್ಲಿರುವ ನಮ್ಮ ಹಳೆಯ ಮನೆಯ ಕಂಬದ ಮೇಲೆಯೂ ಅಂತಹ ಗೆರೆಗಳಿವೆ. ಕೊನೆಯ ಗೆರೆಯು ನನ್ನ ಮಗನದು.

ಹಂಪೆಗೆ ಹೋಗುವವರು ಬಿದ್ದ ಕಲ್ಲನ್ನು ಕಂಡು ಕಣ್ಣೀರಿಡುವುದು ಸಹಜ. ಕಲ್ಲು ಬೀಳದೆಯೂ ಊರು ಬರಿದಾಗಬಲ್ಲುದೆಂಬುದನ್ನು ನಾನು ವೆನಿಸಿನಲ್ಲಿ ಕಲಿತೆನು. ಮುಂದಿನ ಬೇಸಗೆಯ ರಜೆಗೆ ಮೊಮ್ಮಕ್ಕಳು ಊರಿಗೆ ಬರುವರೆಂದು ಮಗನು ಬರೆದಿದ್ದಾನೆ. ಕಂಬವನ್ನು ಒರಸಿ ಇಟ್ಟಿದ್ದೇನೆ.